ಗೀಳಿನ ಕೇಳುಗರು ಉಳಿಸಿಕೊಟ್ಟ ಚರಿತ್ರೆ

1965ರ ಏಪ್ರಿಲ್‌ನಲ್ಲಿ ಸನ್ ಹೌಸ್ ಎಂಬ ಹಿರಿಯ ಬ್ಲೂಸ್ ಗಾಯಕರು ನ್ಯೂಯಾರ್ಕಿನಲ್ಲಿ ಕೊಲಂಬಿಯಾ ಕಂಪನಿಗಾಗಿ ಹಾಡಲು ಕುಳಿತರು. ಅದಕ್ಕೆ ಮೊದಲು ಅವರ ಹಾಡುಗಳನ್ನು ಅವರಿಗೇ ಮರಳಿ ಕಲಿಸಿಕೊಟ್ಟವರು ಅಲನ್ ವಿಲ್ಸನ್ ಎಂಬ 21 ವರ್ಷದ ಅಭಿಮಾನಿ. ಮಿಸಿಸಿಪಿಯ ಹತ್ತಿ ಬೆಳೆಯುವ ಸೀಮೆಯಲ್ಲಿ ಹಾಡಿಕೊಂಡಿದ್ದ ಸನ್ ಹೌಸ್ 1930ರಲ್ಲಿ ಬೆರಳೆಣಿಕೆಯ ಗ್ರಾಮಫೋನ್ ತಟ್ಟೆಗಳಿಗೆ ಹಾಡಿದ್ದರು. 1941 ಮತ್ತು 1942ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಪರವಾಗಿ ಅಲನ್ ಲೋಮ್ಯಾಕ್ಸ್ ಎಂಬುವರು ಸನ್ ಹೌಸ್ ಹಾಡುಗಳನ್ನು ಧ್ವನಿಮುದ್ರಿಸಿಕೊಂಡಿದ್ದರು. ಆಮೇಲೆ ಸನ್ ಹೌಸ್ ರೋಚೆಸ್ಟರ್ ನಗರಕ್ಕೆ ಹೋಗಿ ಬೇರೆ ಕೆಲಸ ಹಿಡಿದು, ಗಿಟಾರನ್ನು ಬಿಟ್ಟೇಬಿಟ್ಟರು. 1964ರಲ್ಲಿ ಮೂವರು ತಟ್ಟೆಸಂಗ್ರಾಹಕರು ಊರೂರು ವಿಚಾರಿಸುತ್ತ ಅವರ ಮನೆ ಬಾಗಿಲಿಗೆ ಬಂದಾಗ ಅವರ ಬಳಿ ನುಡಿಸಲು ಒಂದು ಗಿಟಾರೂ ಇರಲಿಲ್ಲ, ಬೆರಳಿಗೆ ಹಳೆಯ ಚಲನೆಯ ನೆನಪೂ ಇರಲಿಲ್ಲ. ವಿಲ್ಸನ್ ಆ ಹಳೆಯ ಧ್ವನಿಮುದ್ರಣಗಳನ್ನು ಅಕ್ಷರಶಃ ಕಂಠಪಾಠ ಮಾಡಿದ್ದರು. ಎದುರು ಕುಳಿತು, 1930ರಲ್ಲಿ ಈ ಹಾಡನ್ನು ನೀವು ಹೀಗೆ ನುಡಿಸಿದ್ದಿರಿ, 1942ರಲ್ಲಿ ಇದೇ ಹಾಡು ಹೀಗಾಗಿತ್ತು ಎಂದು ತಾವೇ ನುಡಿಸಿ ತೋರಿಸಿದರು. ಕೇಳುತ್ತ ಕೇಳುತ್ತ ಹಿರಿಯರ ಕೈ ತಿರುಗಿತು. ಇಂದು ನಾವು ಕೇಳುವ ಅವರ ಆ ಆಲ್ಬಮ್ ಸಾಧ್ಯವಾದದ್ದು ಹೀಗೆ.

ಈ ಪ್ರಸಂಗವನ್ನು ಮೊದಲಿಗೇ ಎತ್ತಿಕೊಂಡಿದ್ದಕ್ಕೆ ಕಾರಣವಿದೆ. ರಾಕ್ ಸಂಗೀತದ ಗೀಳು ಹಿಡಿದವರ ಬಗ್ಗೆ ನಮ್ಮ ಸಮಾಜಕ್ಕೆ ಒಂದು ಬಗೆಯ ತಾತ್ಸಾರವಿದೆ. ಯಾವ ಹಾಡನ್ನು ಯಾವ ಸ್ಟುಡಿಯೊದಲ್ಲಿ, ಎಷ್ಟನೇ ಟೇಕಿನಲ್ಲಿ, ಯಾವ ಡ್ರಮ್ಮರ್ ಜತೆ ಮುದ್ರಿಸಿದರು ಎಂಬುದನ್ನು ಬಾಯಲ್ಲೇ ಹೇಳುವವರನ್ನು ಕಂಡರೆ, ಬದುಕಿಗೆ ಬೇಡದ ವಿವರ ತುಂಬಿಕೊಂಡವರು ಎಂದು ಬದಿಗೆ ಸರಿಸುತ್ತೇವೆ. ಸಂಗೀತವನ್ನು ಸವಿಯಬೇಕು, ಅದರ ಜಾತಕ ಬರೆಯುವುದೇಕೆ ಎಂಬ ಪ್ರಶ್ನೆ ಸಂಗೀತಪ್ರಿಯರಿಂದಲೇ ಬರುತ್ತದೆ. ನನ್ನ ವಾದ ಇದಕ್ಕೆ ತದ್ವಿರುದ್ಧ. ರಾಕ್‌ಗೆ ಇಂದು ಒಂದು ಚರಿತ್ರೆ ಎಂಬುದು ಇದ್ದರೆ ಅದನ್ನು ಉಳಿಸಿದವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು ಕಂಪನಿಗಳಲ್ಲ, ವಿಶ್ವವಿದ್ಯಾಲಯಗಳೂ ಅಲ್ಲ. ಸಂಬಳವಿಲ್ಲದೆ, ಯಾರೂ ಕೇಳದೆ ಈ ವಿವರಗಳ ಬೆನ್ನು ಹತ್ತಿದ ಕೇಳುಗರು. ಅವರ ಗೀಳನ್ನು ಹವ್ಯಾಸವೆಂದು ಕರೆದರೆ ಸಾಲದು, ಅದು ವಿದ್ವತ್ತು. ವಿದ್ವತ್ತಿಗೆ ಹಾಕುವ ಮಾನದಂಡಗಳನ್ನೇ ಅದಕ್ಕೂ ಹಾಕಬೇಕು, ವಿದ್ವತ್ತಿಗೆ ಸಲ್ಲುವ ಗೌರವವನ್ನೂ ಕೊಡಬೇಕು.

ಇದು ಉತ್ಪ್ರೇಕ್ಷೆ ಅನ್ನಿಸುವವರು ಪ್ಯಾರಮೌಂಟ್ ರೆಕಾರ್ಡ್ಸ್‌ನ ಕಥೆಯನ್ನು ನೋಡಬೇಕು. ರಾಕ್‌ನ ಬೇರು ಬ್ಲೂಸ್‌ನಲ್ಲಿದೆ. ಮಿಸಿಸಿಪಿಯ ಬ್ಲೂಸ್‌ನ ಬಹುಮುಖ್ಯ ಧ್ವನಿಗಳಾದ ಚಾರ್ಲಿ ಪ್ಯಾಟನ್, ಸನ್ ಹೌಸ್, ಸ್ಕಿಪ್ ಜೇಮ್ಸ್ ಮೂವರೂ ಹಾಡಿದ್ದು ಈ ಕಂಪನಿಗೆ. ಅದರ ಒಡೆತನ ವಿಸ್ಕಾನ್ಸಿನ್ ರಾಜ್ಯದ ಒಂದು ಕುರ್ಚಿ ಕಾರ್ಖಾನೆಯದ್ದು. ಗ್ರಾಮಫೋನ್ ಇಡುವ ಮರದ ಪೆಟ್ಟಿಗೆ ತಯಾರಿಸುತ್ತಿದ್ದ ಆ ಕಾರ್ಖಾನೆ, ಪೆಟ್ಟಿಗೆಯ ವ್ಯಾಪಾರದ ಬೆನ್ನಿಗೇ ತಟ್ಟೆಗಳನ್ನೂ ಮಾರತೊಡಗಿತ್ತು. ಮಹಾ ಆರ್ಥಿಕ ಕುಸಿತದಲ್ಲಿ ಧ್ವನಿಮುದ್ರಣ ವಿಭಾಗ ಮುಚ್ಚಿಹೋಯಿತು, ಹಾಡುಗಳ ಲೋಹದ ಮೂಲ ಅಚ್ಚುಗಳು ಗುಜರಿ ಸೇರಿದವು. ಉಳಿದದ್ದು ಮನೆಗಳಿಗೆ ಮಾರಾಟವಾಗಿದ್ದ ತಟ್ಟೆಗಳಷ್ಟೇ. ಅವೂ ಸುಲಭಕ್ಕೆ ಒಡೆಯುವಂಥವು, ಏಕೆಂದರೆ ಆ ಕಾಲದ 78 ಆರ್‌ಪಿಎಂ ತಟ್ಟೆಗಳನ್ನು ಹಿಡಿದಿಟ್ಟ ಅಂಟು ಅರಗು. ಆ ಅರಗಿನ ಬಹುಪಾಲು ಹೋಗುತ್ತಿದ್ದದ್ದು ಭಾರತದ ಕಾಡುಗಳಿಂದ. ಎರಡನೇ ಮಹಾಯುದ್ಧದಲ್ಲಿ ಹಡಗಿನ ದಾರಿಗಳು ಕಷ್ಟವಾಗಿ, 1942ರಲ್ಲಿ ಅಮೆರಿಕ ಸರ್ಕಾರ ಅರಗಿನ ಬಳಕೆಗೆ ಕಡಿವಾಣ ಹಾಕಿತು. ಆಗ ಜನ ತಮ್ಮ ಹಳೆಯ ತಟ್ಟೆಗಳನ್ನು ತಂದುಕೊಟ್ಟರು, ಅವನ್ನು ಪುಡಿಮಾಡಿ ಹೊಸ ತಟ್ಟೆ ಎರೆದರು. ಇದೆಲ್ಲವನ್ನೂ ದಾಟಿ ಉಳಿದ ಪ್ರತಿಗಳನ್ನು 1940ರ ಮತ್ತು 50ರ ದಶಕದಲ್ಲಿ ಗುಜರಿ ಅಂಗಡಿಗಳಿಂದ, ಕಪ್ಪುಜನರ ಮನೆಗಳ ಜಗಲಿಗಳಿಂದ ಒಂದೊಂದಾಗಿ ಹೆಕ್ಕಿ ತಂದವರು ಸಂಗ್ರಾಹಕರು. ಪ್ಯಾರಮೌಂಟ್‌ನ ಹಲವು ಹಾಡುಗಳನ್ನು ನಾವಿಂದು ಕೇಳುವಾಗ ಹಿನ್ನೆಲೆಯಲ್ಲಿ ಮಳೆ ಹೊಯ್ದಂಥ ಸದ್ದು ಇರುತ್ತದಲ್ಲ, ಅದು ಯಾರದೋ ಮನೆಯಲ್ಲಿ ಸವೆದ ಒಂದು ಪ್ರತಿಯ ಸದ್ದು. ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ವಿಲ್ಲಿ ಬ್ರೌನ್ ಹಾಡಿದ ಒಂದು ತಟ್ಟೆಯ ಒಂದೇ ಒಂದು ಪ್ರತಿಯೂ ಇಂದಿನವರೆಗೆ ಪತ್ತೆಯಾಗಿಲ್ಲ. ಆ ಹಾಡುಗಳ ಹೆಸರು ಮಾತ್ರ ನಮಗೆ ಗೊತ್ತು.

ತಟ್ಟೆ ಸಿಕ್ಕ ಮೇಲೆ ಹಾಡಿದವರ ಹುಡುಕಾಟ ಶುರುವಾಯಿತು. 1928ರಲ್ಲಿ ಹಾಡಿ ಮರೆಯಾಗಿದ್ದ ಮಿಸಿಸಿಪಿ ಜಾನ್ ಹರ್ಟ್ ತಮ್ಮ ಒಂದು ಹಾಡಿನಲ್ಲಿ ಅವಲಾನ್ ತನ್ನೂರು ಎಂದಿದ್ದರು. ಹೊಸ ನಕ್ಷೆಗಳಲ್ಲಿ ಆ ಊರಿರಲಿಲ್ಲ. ಟಾಮ್ ಹಾಸ್ಕಿನ್ಸ್ ಎಂಬ ಅಭಿಮಾನಿ ಹಳೆಯ ಭೂಪಟದಲ್ಲಿ ಅದನ್ನು ಕಂಡುಕೊಂಡು 1963ರಲ್ಲಿ ಅಲ್ಲಿಗೆ ಹೋದರು. ಹರ್ಟ್ ಅಲ್ಲೇ ಇದ್ದರು, ಬೇಸಾಯದ ಕೂಲಿ ಮಾಡಿಕೊಂಡು. ಅದೇ ವರ್ಷ ನ್ಯೂಪೋರ್ಟ್ ಜಾನಪದ ಉತ್ಸವದ ವೇದಿಕೆಯಲ್ಲಿ ಹಾಡಿದರು. ಸನ್ ಹೌಸ್ ಪತ್ತೆಯಾದ 1964ರ ಜೂನ್‌ನಲ್ಲೇ ಕ್ಯಾಲಿಫೋರ್ನಿಯಾದಿಂದ ಹೊರಟ ಮೂವರು ಯುವಕರು ಸ್ಕಿಪ್ ಜೇಮ್ಸ್ ಅವರನ್ನು ಟ್ಯುನಿಕಾದ ಆಸ್ಪತ್ರೆಯೊಂದರಲ್ಲಿ ಕಂಡರು. ಆ ಮೂವರಲ್ಲೊಬ್ಬರಾದ ಹೆನ್ರಿ ವೆಸ್ಟೈನ್ ಮುಂದೆ ಅಲನ್ ವಿಲ್ಸನ್ ಜತೆ ಕ್ಯಾನ್ಡ್ ಹೀಟ್ ಎಂಬ ರಾಕ್ ತಂಡದಲ್ಲಿ ಗಿಟಾರ್ ನುಡಿಸಿದರು. ತಂಡದ ಹೆಸರೇ 1928ರ ಒಂದು ಬ್ಲೂಸ್ ಹಾಡಿನದು. ವಿಲ್ಸನ್ ಅವರ ಎತ್ತರದ ದನಿಯಲ್ಲಿ ಸ್ಕಿಪ್ ಜೇಮ್ಸ್ ಇದ್ದಾರೆ. ವುಡ್‌ಸ್ಟಾಕ್ ಉತ್ಸವದ ಜತೆ ಜನ ಇಂದಿಗೂ ನೆನೆಯುವ ಅವರ 'ಗೋಯಿಂಗ್ ಅಪ್ ದ ಕಂಟ್ರಿ' ಹಾಡಿನ ಕೊಳಲಿನ ಎಳೆ, ಟೆಕ್ಸಾಸಿನ ಹೆನ್ರಿ ಥಾಮಸ್ 1928ರಲ್ಲಿ ಜೊಂಡಿನ ಪೀಪಿಯಲ್ಲಿ ಊದಿದ ರಾಗ. ಇತ್ತ ಲಂಡನ್ನಿನ ಹೊರವಲಯದ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ 1961ರ ಅಕ್ಟೋಬರ್ 17ರಂದು ಕೀತ್ ರಿಚರ್ಡ್ಸ್ ಕಣ್ಣಿಗೆ ಬಿದ್ದದ್ದು ಮಿಕ್ ಜಾಗರ್ ಕಂಕುಳಲ್ಲಿದ್ದ ಚಕ್ ಬೆರಿ, ಮಡ್ಡಿ ವಾಟರ್ಸ್ ತಟ್ಟೆಗಳು. ರೋಲಿಂಗ್ ಸ್ಟೋನ್ಸ್ ಹುಟ್ಟಿಗೆ ನಾಂದಿಯಾದದ್ದು ಇಬ್ಬರು ಸಂಗ್ರಾಹಕರ ಮಾತುಕತೆ. ಹಾಗಾಗಿ, ಸಂಗೀತ ಸೃಷ್ಟಿಸುವವರು ಬೇರೆ, ಅದರ ವಿವರ ಕಲೆಹಾಕುವವರು ಬೇರೆ ಎಂಬ ವಿಂಗಡಣೆಯೇ ರಾಕ್‌ನ ಮಟ್ಟಿಗೆ ನಿಲ್ಲುವುದಿಲ್ಲ. ಈ ಸಂಗೀತದ ಹೊಸತೆಲ್ಲ ಹುಟ್ಟಿದ್ದು ಹಳೆಯದರ ಗೀಳಿನಿಂದ.

1930ರ ಬಡ ಕಂಪನಿಯೊಂದು ತನ್ನ ಕೆಲಸದ ಬೆಲೆ ಅರಿಯಲಿಲ್ಲ, ರಾಕ್ ಕೋಟಿಗಟ್ಟಲೆ ಗಳಿಸತೊಡಗಿದ ಮೇಲೆ ಹಾಗಾಗಲಿಲ್ಲ ಎನ್ನಬಹುದೇ? ಅದೂ ಆಗದು. 1962ರಿಂದ 65ರವರೆಗೆ ಬೀಟಲ್ಸ್ ತಂಡ ಬಿಬಿಸಿ ರೇಡಿಯೊಗಾಗಿ ನೂರಾರು ಸಲ ಹಾಡು ನುಡಿಸಿತು. ಬಿಬಿಸಿ ಆ ಟೇಪುಗಳಲ್ಲಿ ಹೆಚ್ಚಿನವನ್ನು ಅಳಿಸಿ ಮತ್ತೆ ಬಳಸಿಕೊಂಡಿತು. ಮುಂದೆ ಕಾಣೆಯಾದವನ್ನು ತುಂಬಿಸಿಕೊಳ್ಳಲು ನೆರವಾದದ್ದು ಕೇಳುಗರು ಮನೆಯಲ್ಲಿ ರೇಡಿಯೊದಿಂದ ಟೇಪ್ ಮಾಡಿಟ್ಟುಕೊಂಡಿದ್ದ ಪ್ರತಿಗಳು. 1966ರ ಜೂನ್‌ನಲ್ಲಿ 'ಟಾಪ್ ಆಫ್ ದ ಪಾಪ್ಸ್' ಎಂಬ ಟಿವಿ ಕಾರ್ಯಕ್ರಮದ ಸ್ಟುಡಿಯೊಗೆ ಬೀಟಲ್ಸ್ ತಂಡ ಖುದ್ದಾಗಿ ಬಂದಿತ್ತು; ಹಾಗೆ ಬಂದದ್ದು ಅದೊಂದೇ ಸಲ, ಆ ಟೇಪೂ ಅಳಿಸಿಹೋಯಿತು. ಟಿವಿ ಪರದೆಯ ಮುಂದೆ 8 ಎಂಎಂ ಕ್ಯಾಮೆರಾ ಹಿಡಿದು ವೀಕ್ಷಕರು ತೆಗೆದುಕೊಂಡಿದ್ದ, ಶಬ್ದವಿಲ್ಲದ ಸಣ್ಣ ತುಣುಕು 2019ರಲ್ಲಿ ಬೆಳಕಿಗೆ ಬಂತು. 1963ರ ಏಪ್ರಿಲ್ 4ರಂದು ಸ್ಟೋವ್ ಶಾಲೆಯಲ್ಲಿ ಬೀಟಲ್ಸ್ ನುಡಿಸಿದ ಒಂದು ಗಂಟೆಯ ಕಾರ್ಯಕ್ರಮ ಇಡಿಯಾಗಿ ಉಳಿದಿರುವುದು 15 ವರ್ಷದ ವಿದ್ಯಾರ್ಥಿಯೊಬ್ಬ ತನ್ನ ಟೇಪ್ ರೆಕಾರ್ಡರ್ ಗುಂಡಿ ಒತ್ತಿದ್ದರಿಂದ; ಜಗತ್ತಿಗೆ ಅದು ಗೊತ್ತಾದದ್ದು 60 ವರ್ಷಗಳ ನಂತರ, 2023ರಲ್ಲಿ. ಇನ್ನು ದೊಡ್ಡ ಕಂಪನಿಗಳ ಭದ್ರ ಕೋಣೆಗಳ ವಿಷಯ. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊಸ್ ಆವರಣದಲ್ಲಿ ಬಿದ್ದ ಬೆಂಕಿ ಯೂನಿವರ್ಸಲ್ ಮ್ಯೂಸಿಕ್‌ನ ಟೇಪುಗಳ ದಾಸ್ತಾನನ್ನೂ ಸುಟ್ಟಿತು. ಕಂಪನಿಯ ಒಳಗಿನ ದಾಖಲೆಯೇ ಸುಮಾರು 5 ಲಕ್ಷ ಹಾಡುಗಳ ಅಂದಾಜು ಕೊಟ್ಟಿತ್ತೆಂದು ನ್ಯೂಯಾರ್ಕ್ ಟೈಮ್ಸ್ ಬರೆದದ್ದು 2019ರಲ್ಲಿ. ನಷ್ಟ ಅಷ್ಟಿಲ್ಲವೆಂದು ಕಂಪನಿ ವಾದಿಸಿತು. ನಷ್ಟ ಎಷ್ಟೇ ಇರಲಿ, 11 ವರ್ಷ ಆ ವಿಷಯ ಜನರಿಗೆ ತಿಳಿಯಲೇ ಇಲ್ಲ ಎಂಬುದು ನನಗೆ ಹೆಚ್ಚು ಕಳವಳದ ಸಂಗತಿ.

ಗ್ರೇಟ್‌ಫುಲ್ ಡೆಡ್ ತಂಡ ಇದಕ್ಕೆ ಪ್ರತಿಯಾಗಿ ಒಂದು ಬೇರೆ ದಾರಿ ತೋರಿತು. 1984ರಿಂದ ಅವರು ತಮ್ಮ ಕಾರ್ಯಕ್ರಮಗಳಲ್ಲಿ ಟೇಪ್ ಮಾಡಿಕೊಳ್ಳುವವರಿಗೆಂದೇ ಜಾಗ ಮೀಸಲಿಟ್ಟರು. ಷರತ್ತು ಒಂದೇ: ಟೇಪನ್ನು ಮಾರುವಂತಿಲ್ಲ, ಒಬ್ಬರಿಗೊಬ್ಬರು ಹಂಚಿಕೊಳ್ಳಬಹುದು. 30 ವರ್ಷಗಳಲ್ಲಿ 2,300ರಷ್ಟು ಕಾರ್ಯಕ್ರಮ ಕೊಟ್ಟ ಆ ತಂಡದ ಚರಿತ್ರೆ ಇಂದು ರಾತ್ರಿ ರಾತ್ರಿಯ ಲೆಕ್ಕದಲ್ಲಿ ಲಭ್ಯವಿದ್ದರೆ ಈ ಅಭಿಮಾನಿಗಳೇ ಕಾರಣ. ಅವರಲ್ಲೊಬ್ಬರಾದ ಡಿಕ್ ಲ್ಯಾಟ್ವಾಲಾರನ್ನು ತಂಡ ತನ್ನ ಟೇಪು ಸಂಗ್ರಹದ ಮೇಲ್ವಿಚಾರಕರನ್ನಾಗಿ ನೇಮಿಸಿಕೊಂಡಿತು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದ ಅವರ ಕಾರ್ಯಕ್ರಮದ ಟೇಪು ಅಭಿಮಾನಿಗಳ ಕೈಯಿಂದ ಕೈಗೆ ಹರಿದೇ ಹೆಸರುವಾಸಿಯಾಯಿತು. ಅದನ್ನು ಲೈಬ್ರರಿ ಆಫ್ ಕಾಂಗ್ರೆಸ್ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿಕೊಂಡಾಗ ಅಧಿಕೃತ ಆಲ್ಬಮ್ ಇನ್ನೂ ಬಂದಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಗಂಭೀರ ಆಕ್ಷೇಪವೊಂದನ್ನು ಎದುರಿಸಲೇಬೇಕು. ಗೀಳಿನವರು ಚರಿತ್ರೆಯನ್ನು ಉಳಿಸಿದ್ದು ನಿಜ, ಆದರೆ ತಮಗೆ ಬೇಕಾದಂತೆ ತಿರುಚಿದ್ದೂ ನಿಜ ಎಂಬುದು ಆ ಆಕ್ಷೇಪ. ಅದನ್ನು ತಳ್ಳಿಹಾಕುವಂತಿಲ್ಲ. ರಾಬರ್ಟ್ ಜಾನ್ಸನ್ 1936 ಮತ್ತು 37ರಲ್ಲಿ ಕೇವಲ 29 ಹಾಡು ಮುದ್ರಿಸಿ, 1938ರಲ್ಲಿ 27ನೇ ವಯಸ್ಸಿಗೆ ತೀರಿಕೊಂಡರು. 1961ರಲ್ಲಿ ಬಂದ ಅವರ ಎಲ್‌ಪಿ ಬಿಳಿಯ ರಾಕ್ ಸಂಗೀತಗಾರರ ಕೈಗೆ ಸಿಕ್ಕಿ, ಜಾನ್ಸನ್ ಬ್ಲೂಸ್‌ನ ಅರಸನೆನಿಸಿದರು. ಆದರೆ ಅವರ ಕಾಲದ ಕಪ್ಪು ಕೇಳುಗರು ಹಣ ಕೊಟ್ಟು ಕೊಂಡದ್ದು ಲೆರಾಯ್ ಕಾರ್‌ನಂಥವರನ್ನು, ಅದಕ್ಕೂ ಮೊದಲು ಬೆಸ್ಸಿ ಸ್ಮಿತ್, ಮಾ ರೇನಿಯಂಥ ಗಾಯಕಿಯರನ್ನು. ಎಲೈಜಾ ವಾಲ್ಡ್ 2004ರ ತಮ್ಮ ಪುಸ್ತಕದಲ್ಲಿ ಇದನ್ನು ವಿಸ್ತಾರವಾಗಿ ತೋರಿಸಿದ್ದಾರೆ. ಸಂಗ್ರಾಹಕರಿಗೆ ಅಪರೂಪವೇ ಮೌಲ್ಯವಾಯಿತು. ಎಲ್ಲರ ಮನೆಯಲ್ಲಿದ್ದ ತಟ್ಟೆ ಅವರಿಗೆ ರುಚಿಸಲಿಲ್ಲ. ಕೂಡುದಾರಿಯಲ್ಲಿ ಸೈತಾನನಿಗೆ ಆತ್ಮ ಮಾರಿದ ಕಥೆ ಮೊದಲು ಟಾಮಿ ಜಾನ್ಸನ್ ಎಂಬ ಬೇರೆಯೇ ಗಾಯಕರ ಕುರಿತದ್ದು. ಅಭಿಮಾನಿಗಳ ಬಾಯಲ್ಲಿ ಅದು ರಾಬರ್ಟ್ ಜಾನ್ಸನ್ ಹೆಗಲೇರಿತು. ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಕುರುಡು ಇನ್ನೂ ದಟ್ಟ. ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ 1986ರಲ್ಲಿ ಮೊದಲ ಸಲ ಗೌರವಿಸಿದ ಕಲಾವಿದರೆಲ್ಲ ಗಂಡಸರು. ಎಲ್ವಿಸ್‌ಗಿಂತ ಮೊದಲೇ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಸಭಾಂಗಣಗಳನ್ನು ನಡುಗಿಸಿದ ಸಿಸ್ಟರ್ ರೊಸೆಟಾ ಥಾರ್ಪ್‌ಗೆ ಆ ಬಾಗಿಲು ತೆರೆದದ್ದು 2018ರಲ್ಲಿ. 'ಹೌಂಡ್ ಡಾಗ್' ಹಾಡನ್ನು ಮೊದಲು ಹಾಡಿದ ಬಿಗ್ ಮಾಮಾ ಥಾರ್ನ್‌ಟನ್‌ಗೆ 2024ರವರೆಗೂ ಕಾಯಬೇಕಾಯಿತು.

ಆದರೆ ಈ ತಪ್ಪುಗಳನ್ನು ಹಿಡಿದವರು ಯಾರು? ರಾಬರ್ಟ್ ಜಾನ್ಸನ್ ಮರಣ ಪ್ರಮಾಣಪತ್ರವನ್ನು 1968ರಲ್ಲಿ ಪತ್ತೆಮಾಡಿ, ದಂತಕಥೆಗೆ ಮೊದಲ ಗಟ್ಟಿ ದಾಖಲೆ ಒದಗಿಸಿದವರು ಗೇಲ್ ಡೀನ್ ವಾರ್ಡ್‌ಲೋ, ಮಿಸಿಸಿಪಿಯ ಮನೆಮನೆ ತಿರುಗಿ ತಟ್ಟೆ ಕೂಡಿಸಿದ ಸಂಗ್ರಾಹಕ. ಎಲೈಜಾ ವಾಲ್ಡ್ ಅವರೂ ಹೊರಗಿನವರಲ್ಲ, ಸ್ವತಃ ಗಿಟಾರ್ ನುಡಿಸುವ ಬ್ಲೂಸ್ ಪ್ರೇಮಿ. ಗೇಲ್ ವಾಲ್ಡ್ ಬರೆದ ರೊಸೆಟಾ ಥಾರ್ಪ್ ಜೀವನಚರಿತ್ರೆ 2007ರಲ್ಲಿ ಬಂದ ಮೇಲೆ, ಫಿಲಡೆಲ್ಫಿಯಾದಲ್ಲಿ ದಶಕಗಳ ಕಾಲ ಗುರುತಿಲ್ಲದೆ ಬಿದ್ದಿದ್ದ ಥಾರ್ಪ್ ಸಮಾಧಿಗೆ ಕಲ್ಲು ಹಾಕಿಸಲು ಅಭಿಮಾನಿಗಳು ಸಂಗೀತ ಕಾರ್ಯಕ್ರಮ ಮಾಡಿ ಹಣ ಕೂಡಿಸಿದರು. ಬಾಬ್ ಡಿಲನ್ ಅವರ 1966ರ ಕಾರ್ಯಕ್ರಮವೊಂದರ ಕಳ್ಳ ಪ್ರತಿಯ ಮೇಲೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಎಂದು ತಪ್ಪಾಗಿ ಬರೆದಿತ್ತು. ಅದು ಮೇ 17ರಂದು ಮ್ಯಾಂಚೆಸ್ಟರಿನಲ್ಲಿ ನಡೆದದ್ದೆಂದು ಟೇಪಿಗೆ ಟೇಪು ಹೋಲಿಸಿ ಸಾಧಿಸಿದವರೂ ಈ ಜನರೇ. ಕಂಪನಿ ಅದನ್ನು ಅಧಿಕೃತವಾಗಿ ಹೊರತಂದದ್ದು 1998ರಲ್ಲಿ. ಗೀಳು ಮಾಡಿದ ತಪ್ಪಿಗೆ ಮದ್ದು ಉದಾಸೀನವಲ್ಲ, ಇನ್ನಷ್ಟು ಎಚ್ಚರದ ಗೀಳು ಎಂಬುದಕ್ಕೆ ಇವೆಲ್ಲ ಪುರಾವೆ.

ಹಾಗೆಂದು ಎಲ್ಲ ಗೀಳೂ ಒಂದೇ ಅಲ್ಲ. ಮ್ಯಾಕ್ ಮೆಕಾರ್ಮಿಕ್ ಎಂಬ ಟೆಕ್ಸಾಸಿನ ಸಂಶೋಧಕ ರಾಬರ್ಟ್ ಜಾನ್ಸನ್ ಬಗ್ಗೆ ದಶಕಗಟ್ಟಲೆ ಸಾಮಗ್ರಿ ಕೂಡಿಹಾಕಿದರು, ಕುಟುಂಬದವರಿಂದ ಫೋಟೋ ಪಡೆದುಕೊಂಡರು, ಆದರೆ ತಾವು ಮಾತು ಕೊಟ್ಟ ಪುಸ್ತಕವನ್ನು ಕೊನೆಗೂ ಪ್ರಕಟಿಸಲಿಲ್ಲ. ಅದು ಹೊರಬಂದದ್ದು ಅವರು ತೀರಿಕೊಂಡು ಎಂಟು ವರ್ಷದ ಮೇಲೆ, 2023ರಲ್ಲಿ. ಅಷ್ಟರಲ್ಲಿ ಜಾನ್ಸನ್‌ರನ್ನು ಕಣ್ಣಾರೆ ಕಂಡಿದ್ದವರು ಬಹುತೇಕ ಇಲ್ಲವಾಗಿದ್ದರು. ಟಾಮಿ ಜಾನ್ಸನ್ ಅವರ ಒಂದು ತಟ್ಟೆ 2013ರಲ್ಲಿ 37,100 ಡಾಲರಿಗೆ ಹರಾಜಾಯಿತು. ಕೊಂಡವರು ಅದನ್ನು ಸ್ವಚ್ಛವಾಗಿ ಡಿಜಿಟಲ್ ರೂಪಕ್ಕಿಳಿಸಿ ಎಲ್ಲರಿಗೂ ಕೇಳಿಸಿದರೆ ಆ ಬೆಲೆ ಸಾರ್ಥಕ. ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಅದು ಗುಜರಿಗೆ ಹಾಕಿದ್ದಕ್ಕಿಂತ ಬೇರೆಯಲ್ಲ. ತಾನು ಕಂಡುಕೊಂಡದ್ದನ್ನು ಇನ್ನೊಬ್ಬರು ಪರೀಕ್ಷಿಸಲು ಬಿಡುತ್ತಾನೋ ಇಲ್ಲವೋ ಎಂಬುದರ ಮೇಲೆಯೇ ಅಭಿಮಾನಿಯನ್ನು ನಾನು ಅಳೆಯುತ್ತೇನೆ. ಕಳ್ಳ ಪ್ರತಿಗಳ ಪ್ರಶ್ನೆಗೂ ಇದೇ ಅಳತೆಗೋಲು. ಕಲಾವಿದರ ಹೊಟ್ಟೆಯ ಮೇಲೆ ಹೊಡೆದು ಲಾಭಕ್ಕೆ ಮಾರಿದವರನ್ನು ಯಾರೂ ಸಮರ್ಥಿಸಬೇಕಿಲ್ಲ, ಆದರೆ ಹಂಚಿಕೊಂಡು ಉಳಿಸಿದವರನ್ನು ಅವರ ಸಾಲಿಗೆ ಸೇರಿಸುವುದು ಅನ್ಯಾಯ. ಉಳಿಸಿದ್ದು ಕಲಾವಿದರಿಗೇ ನೆರವಾದದ್ದೂ ಉಂಟು: ಕ್ರೀಮ್ ಎಂಬ ರಾಕ್ ತಂಡ 1966ರಲ್ಲಿ ಸ್ಕಿಪ್ ಜೇಮ್ಸ್ ಹಾಡೊಂದನ್ನು ಅವರ ಹೆಸರು ಹಾಕಿಯೇ ಮುದ್ರಿಸಿತು. 1931ರಲ್ಲಿ ಹಾಡಿದ್ದಕ್ಕೆ ಹೆಚ್ಚೇನೂ ಕಾಣದ ಆ ಮನುಷ್ಯನಿಗೆ ಕಾಯಿಲೆಯ ಕೊನೆಯ ವರ್ಷಗಳಲ್ಲಿ ಗೌರವಧನ ಬಂದದ್ದು ಅಭಿಮಾನಿಗಳು ಅವರ ತಟ್ಟೆ ಉಳಿಸಿಕೊಂಡಿದ್ದರಿಂದಲೇ.

ಈಗ ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದೆ, ಕೂಡಿಡುವ ಕಾಲ ಮುಗಿಯಿತು ಎನ್ನುವವರಿದ್ದಾರೆ. 2019ರಲ್ಲಿ ಮೈಸ್ಪೇಸ್ ಎಂಬ ತಾಣ, 2003ರಿಂದ 2015ರವರೆಗೆ ಬಳಕೆದಾರರು ಏರಿಸಿದ್ದ ಸಂಗೀತವೆಲ್ಲ ಸರ್ವರ್ ಸ್ಥಳಾಂತರದಲ್ಲಿ ಕಳೆದುಹೋಯಿತೆಂದು ಒಪ್ಪಿಕೊಂಡಿತು. ಅಂದಾಜು 5 ಕೋಟಿ ಹಾಡುಗಳು. ಅಧ್ಯಯನಕ್ಕೆಂದು ಯಾರೋ ಇಳಿಸಿಟ್ಟುಕೊಂಡಿದ್ದ 4,90,000 ಹಾಡುಗಳು ಮಾತ್ರ ಇಂಟರ್ನೆಟ್ ಆರ್ಕೈವ್ ಮೂಲಕ ಮರಳಿದವು. ಇನ್ನು ಉಳಿದಿರುವ ತಾಣಗಳಲ್ಲೂ ಹಾಡು ಸಿಗುತ್ತದೆ, ಅದರ ಸುತ್ತಲಿನ ಸಂಗತಿ ಸಿಗುವುದಿಲ್ಲ. 1950ರ ದಶಕದ ಹಾಡಿನ ಕೆಳಗೆ ಅದನ್ನು ಮರುಸಂಸ್ಕರಿಸಿದ ವರ್ಷ ಇರುತ್ತದೆ, ಬೇಸ್ ನುಡಿಸಿದವರ ಹೆಸರು ಇರುವುದೇ ಇಲ್ಲ. ತಟ್ಟೆಯ ಲಕೋಟೆಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಇರುತ್ತಿದ್ದ ಆ ಸಾಲುಗಳನ್ನು ಓದಿಯೇ ಒಂದು ಪೀಳಿಗೆ ಚರಿತ್ರೆ ಕಲಿತಿತ್ತು.

ಕನ್ನಡದ ಓದುಗರಿಗೆ ಇದು ದೂರದ ಮಾತಲ್ಲ. ರೋಲಿಂಗ್ ಸ್ಟೋನ್ಸ್ 2003ರಲ್ಲಿ, ಐರನ್ ಮೇಡನ್ 2007ರ ಮಾರ್ಚ್‌ನಲ್ಲಿ, ಮೆಟಾಲಿಕಾ 2011ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನೆರೆದ ಸಾವಿರಾರು ಜನರಿಗೆ ಆ ತಂಡಗಳ ಪ್ರತಿ ಆಲ್ಬಮ್ಮಿನ ಚರಿತ್ರೆ ಗೊತ್ತಿತ್ತು. ಆದರೆ ಇದೇ ಊರಿನಲ್ಲಿ 1970ರ ದಶಕದಲ್ಲಿ ನುಡಿಸುತ್ತಿದ್ದ ಹ್ಯೂಮನ್ ಬಾಂಡೇಜ್ ತಂಡದ ಬಗ್ಗೆ ಅಷ್ಟೇ ವಿವರವಾಗಿ ಹೇಳಬಲ್ಲವರು ಎಷ್ಟು ಜನ? ಸಿಗರೇಟು ಕಂಪನಿಯ ಪ್ರಾಯೋಜನೆಯಲ್ಲಿ ನಡೆದ ಸಿಮ್ಲಾ ಬೀಟ್ ಸ್ಪರ್ಧೆಯ 1970 ಮತ್ತು 71ರ ಎಲ್‌ಪಿಗಳಿಂದಲೇ ಆ ಕಾಲದ ಭಾರತದ ಹಲವು ಹವ್ಯಾಸಿ ರಾಕ್ ತಂಡಗಳ ಸದ್ದು ನಮಗೆ ಉಳಿದಿದೆ. ಅವನ್ನು ಹುಡುಕಿ ಮತ್ತೆ ಹೊರತಂದವರು ಹೊರದೇಶದ ಸಂಗ್ರಾಹಕರು. ಸಿದ್ಧಾರ್ಥ ಭಾಟಿಯಾ ಅವರ 2014ರ 'ಇಂಡಿಯಾ ಸೈಕಡೆಲಿಕ್' ಆ ಪೀಳಿಗೆಯ ಬಗ್ಗೆ ದೇಶಮಟ್ಟದಲ್ಲಿ ಒಳ್ಳೆಯ ಕೆಲಸ ಮಾಡಿದೆ. ನಮ್ಮ ಊರಿನ ಮಟ್ಟದಲ್ಲಿ ಅದಕ್ಕಿಂತ ಆಳದ ಕೆಲಸ ಆಗಬೇಕಿದೆ. 1996ರಲ್ಲಿ ಹುಟ್ಟಿದ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್, ಶಿಶುನಾಳ ಶರೀಫರನ್ನು ಗಿಟಾರಿಗೆ ಕಟ್ಟಿದ ರಘು ದೀಕ್ಷಿತ್, ಇವರ ಆರಂಭದ ದಿನಗಳ ಕ್ಯಾಸೆಟ್ಟು, ಪೋಸ್ಟರು, ಟಿಕೆಟ್ಟುಗಳೆಲ್ಲ ಖಾಸಗಿ ಅಲ್ಮೆರಾಗಳಲ್ಲೇ ಇರುವ ಸಂಭವ ಹೆಚ್ಚು. ಕ್ಯಾಸೆಟ್ಟಿನ ಆಯುಸ್ಸು ತಟ್ಟೆಯಷ್ಟೂ ಅಲ್ಲ. ಸೆಕೆ, ತೇವ, ಬೂಷ್ಟಿಗೆ ಟೇಪಿನ ಲೇಪ ಬಿಟ್ಟುಕೊಳ್ಳುತ್ತದೆ. 70ರ ದಶಕದಲ್ಲಿ ನುಡಿಸಿದ ಹಲವರಿಗೆ ಈಗ 70 ದಾಟಿದೆ.

ಹಾಗಾಗಿ ಬೆಂಗಳೂರಿನ, ಮೈಸೂರಿನ, ಮಂಗಳೂರಿನ ರಾಕ್ ಅಭಿಮಾನಿಗಳಲ್ಲಿ ನನ್ನದೊಂದು ಒತ್ತಾಯವಿದೆ. ಲೆಡ್ ಜೆಪಲಿನ್ ಕುರಿತು ನಿಮಗಿರುವ ಶ್ರದ್ಧೆಯ ಒಂದು ಪಾಲನ್ನು ನಿಮ್ಮ ಊರಿನ ಕಾಲೇಜು ಉತ್ಸವದಲ್ಲಿ ನುಡಿಸಿದ ತಂಡಕ್ಕೂ ಕೊಡಿ. ಹಿರಿಯ ಸಂಗೀತಗಾರರನ್ನು ಕಂಡು, ಅವರು ಒಪ್ಪಿದರೆ ಮಾತು ಮುದ್ರಿಸಿಕೊಳ್ಳಿ. ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್‌ನಂಥ ಸಂಗ್ರಹಾಲಯಗಳು, ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಇಂಥ ಖಾಸಗಿ ಸಂಗ್ರಹಗಳನ್ನು ಪಡೆದು, ಡಿಜಿಟಲ್ ಮಾಡಿ, ಕೊಟ್ಟವರ ಹೆಸರಿನಲ್ಲೇ ಇಡುವ ವ್ಯವಸ್ಥೆ ಮಾಡಿಕೊಳ್ಳಬೇಕು. ಅದಾಗುವ ತನಕ ಮನೆಯಲ್ಲೇ ಮಾಡಬಹುದಾದ ಕೆಲಸವೂ ಇದೆ: ಅಲ್ಮೆರಾದಿಂದ ಕ್ಯಾಸೆಟ್ಟುಗಳನ್ನು ತೆಗೆದು, ಒಂದೊಂದರ ಮೇಲೂ ಯಾರು ನುಡಿಸಿದ್ದು, ಯಾವ ತಾರೀಕು, ಯಾವ ಜಾಗ, ಟೇಪ್ ಮಾಡಿದವರಾರು ಎಂಬುದನ್ನು ನೆನಪಿರುವಷ್ಟು ಬರೆದಿಡುವುದು.